ಎಂಟೂವರೆಯವರೆಗೆ ಕತ್ತಲೆ

ದೀಪ ಹಾಕಿಸಿಕೊಡಿ ಎಂಬ ಅರ್ಜಿಗಳನ್ನೇ ವರ್ಷಗಟ್ಟಲೆ ತೆಗೆದುಕೊಳ್ಳುತ್ತ ಬಂದಿದ್ದ ವಿನುತಾಳ ಮೇಜಿನ ಮೇಲೆ, ಚೌತಿ ಕಳೆದ ಮೇಲೆ ಒಂದು ದಿನ, ದೀಪ ಆರಿಸಿಕೊಡಿ ಎಂಬ ಅರ್ಜಿ ಬಂದು ಕೂತಿತು. ಹೊನ್ನಾವರದ ಆ ವಿದ್ಯುತ್ ಕಚೇರಿಯಲ್ಲಿ ಮಧ್ಯಾಹ್ನದವರೆಗೂ ಅದೇ ನಗೆ. ತಂದವನು ಕಿರಣ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ, ಇನ್ನೂ ಹುಡುಗುಮುಖದ ಮೇಷ್ಟ್ರು. ಭಟ್ಕಳದಿಂದ ಕುಮಟಾದವರೆಗೆ ಅವನೂ ಜೊತೆಯವರೂ ವಾರವಿಡೀ ಊರೂರಿಗೆ ದುರ್ಬೀನು ಹೊತ್ತು ಜನರಿಗೆ ಆಕಾಶ ತೋರಿಸುತ್ತಾರಂತೆ. ಕೊನೆಯ ದಿನ ಅಪ್ಸರಕೊಂಡದ ಗುಡ್ಡದ ಮೇಲೆ. ಆ ಸಂಜೆ ಏಳರಿಂದ ಎಂಟೂವರೆಯವರೆಗೆ ಅಲ್ಲಿನ ದಾರಿದೀಪಗಳು ಉರಿಯಬಾರದು. "ಕತ್ತಲೆ ಬೇಕಾದ್ರೆ ಮಳೆಗಾಲದಲ್ಲಿ ಬರೂದಲ್ವಾ ಮಾರಾಯ್ರೆ, ಅರ್ಜಿ ಇಲ್ದೇ ಕೊಡ್ತಿದ್ವಿ" ಎಂದು ಸಾಹೇಬರು ತಮಾಷೆ ಮಾಡಿದರು. ಕಿರಣ ಪೆಚ್ಚಾಗಿ ನಕ್ಕ. ವಿನುತಾ ಮಾತ್ರ ಅರ್ಜಿಗೆ ಮೊಹರು ಒತ್ತಿ, ಆ ಭಾಗದ ಲೈನ್‌ಮನ್ ಈರನಿಗೆ ಫೋನು ಮಾಡಿ, ಕೆಲಸ ಆಗುವಂತೆ ನೋಡಿಕೊಂಡಳು. ಹೊರಡುವಾಗ ಕಿರಣ ಬಾಗಿಲಲ್ಲಿ ನಿಂತು, "ಮೇಡಂ, ನೀವೂ ಬನ್ನಿ. ಮೊಬೈಲು, ಬ್ಯಾಟರಿ ಎಲ್ಲ ಬಂದ್ ಮಾಡಿ ನಿಂತ್ರೆ ಪಕ್ಕದಲ್ಲಿ ಯಾರಿದ್ದಾರೆ ಅಂತಲೂ ಗೊತ್ತಾಗೂದಿಲ್ಲ" ಎಂದ. ಆಕಾಶದ ಬಗ್ಗೆ ಏನಾದರೂ ಹೇಳಿದ್ದರೆ ಅವಳು ಹೋಗುತ್ತಿರಲಿಲ್ಲವೇನೋ. ಪಕ್ಕದಲ್ಲಿ ಯಾರಿದ್ದಾರೆಂದು ಗೊತ್ತಾಗದ ಜಾಗದಲ್ಲಿ ಜನರ ನಡುವೆ ನಿಲ್ಲಬಹುದು ಎಂಬುದು ಅವಳ ಮನಸ್ಸಿಗೆ ಹತ್ತಿತು. ಬೆಳಕಿನಲ್ಲಿ ಜನರ ನಡುವೆ ನಿಂತರೆ ಕೊರಳನ್ನು ನೋಡುತ್ತಾರೆ, ಕಾಲುಂಗುರ ಹುಡುಕುತ್ತಾರೆ, ಯಾರ ಪೈಕಿ ಎಂದು ಸುತ್ತುಬಳಸಿ ಕೇಳುತ್ತಾರೆ. ಅಮ್ಮ ಸತ್ತ ಮೇಲೆ ಬಾಡಿಗೆ ಮನೆಯಲ್ಲಿ ಸಂಜೆ ಏಳಕ್ಕೆ ಕುಕ್ಕರು ಇಟ್ಟರೆ, ಅದರ ಸೀಟಿ ಬಿಟ್ಟರೆ ಮತ್ತೊಂದು ದನಿಯಿಲ್ಲ. ಒಂಟಿತನ ಎಂದು ಅವಳು ಅದನ್ನು ಕರೆಯುತ್ತಿರಲಿಲ್ಲ, ಅಭ್ಯಾಸ ಎನ್ನುತ್ತಿದ್ದಳು.

ಭಟ್ಕಳದ ಉದ್ಘಾಟನೆಗೆ ಹೋಗಿ ಬಂದದ್ದು ಬರೀ ಬಸ್ ಚಾರ್ಜಿಗೆ ದಂಡ. ಮೋಡ ಕವಿದಿತ್ತು. ಕಾಣದ ಆಕಾಶದ ಬಗ್ಗೆ ಕನ್ನಡದಲ್ಲೂ ಉರ್ದುವಿನಲ್ಲೂ ಭಾಷಣಗಳಾದವು, ಎಲ್ಲರಿಗೂ ಚಹಾ ಕೊಟ್ಟರು, ಟ್ಯೂಬ್‌ಲೈಟಿನ ಕೆಳಗೆ ಅವಳು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದು ಎದ್ದು ಬಂದಳು. ಎರಡನೆಯ ಸಂಜೆ ಕುಮಟಾದ ಹತ್ತಿರ ಬಾಡದ ಕಡಲತಡಿ. ಆ ಹೊತ್ತಿಗೆ ಮೋಡ ಹರಿದಿತ್ತು. ಕಚೇರಿ ಮುಗಿಸಿ ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಕತ್ತಲಾಗಿ, ಹೊಯಿಗೆಯ ಮೇಲೆ ಜನರ ಗುಂಪು ಒಂದು ದಟ್ಟನೆಯ ಗುಜುಗುಜು ಮಾತ್ರವಾಗಿತ್ತು. ಕಿರಣ ಎಲ್ಲೋ ಮುಂದೆ ನಿಂತು ಹಸಿರು ಬೆಳಕಿನ ಕಡ್ಡಿಯಿಂದ ಆಕಾಶವನ್ನು ತೋರಿಸುತ್ತಿದ್ದ. ಕತ್ತಲೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ, ದೇವಸ್ಥಾನದ ಗರ್ಭಗುಡಿಯ ಮುಂದೆ ನಿಂತವರ ಹಾಗೆ ಪಿಸುಗುಡುತ್ತಿದ್ದರು. ಅವಳ ತೋಳನ್ನು ಯಾವುದೋ ಮುದಿಕೈ ಬಂದು ಹಿಡಿಯಿತು. ಒಣ ಕೈ, ಬಳೆಯಿಲ್ಲದ್ದು. "ತಂಗಿ, ಎಂಗೆ ಎಂತದೂ ಕಾಣ್ತಿಲ್ಲೆ. ಮೂಲಾ ನಕ್ಷತ್ರ ಹೇಳಿ ಹೇಳ್ತ, ಎಲ್ಲಿದ್ದು ಅದು?" ಎಂದಿತು ಪಿಸುದನಿ. ಆ ಮಾತಿನ ಧಾಟಿ ಕಿವಿಗೆ ಬಿದ್ದದ್ದೇ ವಿನುತಾಳ ಬಾಯಿಂದ ಉತ್ತರ ಹೊರಟುಹೋಗಿತ್ತು. "ಅಲ್ಲಿ ನೋಡಿ, ಸಮುದ್ರದ ಮೇಲೆ, ಕೊಂಡಿ ಹಾಂಗೆ ಬಗ್ಗಿದ್ದು. ಅದರ ತುದಿಲಿ ಇದ್ದು."

ಅದು ಅವಳ ಮಾತಲ್ಲ. ಹವ್ಯಕ ಬ್ರಾಹ್ಮಣರ, ಭಟ್ಟರ ಹೆಗಡೆಗಳ ಮನೆಯೊಳಗಿನ ಮಾತು. ಕುಮಟಾ ಪೇಟೆಯಲ್ಲಿ ಹೆಗಡೇರ ಖಾನಾವಳಿಯ ಹಿಂದಿನ ಕೋಣೆಯಲ್ಲಿ ಅವಳು ಹುಟ್ಟಿ ಬೆಳೆದದ್ದು. ತಾಯಿ ಲಕ್ಕಿ ಅಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹಿತ್ತಿಲಲ್ಲಿ ಕೂತ ಮಗುವಿಗೆ ಅಡುಗೆಮನೆಯ ಕಿಟಕಿಯಿಂದ ಅನ್ನದ ಗಂಜಿಯ ವಾಸನೆಯೂ ಆ ಮಾತೂ ಒಟ್ಟಿಗೇ ಬರುತ್ತಿದ್ದವು, ಎರಡೂ ಹತ್ತಿಕೊಂಡವು. ಒಂದು ದಿನ ಅದು ಹೆಗಡೇರ ಹೆಂಡತಿಗೆ ಗೊತ್ತಾಯಿತು. ಅಂದಿನಿಂದ ಪಂಕ್ತಿ ತುಂಬಿದಾಗ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ, "ಹೇಳೇ, ಊಟಕ್ಕೆ ಕರಿ" ಎನ್ನುವುದು. ಅವಳು, "ಬಾಳೆ ಹಾಕಿದ್ದು, ಊಟಕ್ಕೆ ಬನ್ನಿ" ಎಂದು ರಾಗ ಎಳೆಯುವುದು. ಉಂಡವರು, ಉಣ್ಣುವವರು, ಬಡಿಸುವವರು ಎಲ್ಲ ಹೊಟ್ಟೆ ಹಿಡಿದುಕೊಂಡು ನಗುವುದು. "ಲಕ್ಕಿ ಮಗಳು ಥೇಟ್ ನಮ್ಮ ಕೂಸೇ ಆಗೋತು!" ಒಂದು ತುಂಡು ಹೋಳಿಗೆ ಮೇಲಿಂದ ಕೈಗೆ ಬೀಳುತ್ತಿತ್ತು, ಮುಟ್ಟದ ಹಾಗೆ. ಅವಳು ಅದನ್ನು ಬಹಳ ದಿನ ಮೆಚ್ಚುಗೆ ಎಂದೇ ತಿಳಿದಿದ್ದಳು. ಮೆಚ್ಚುಗೆಯಲ್ಲ ಎಂದು ತಿಳಿದದ್ದು ಅಮ್ಮನ ಮುಖ ನೋಡಿ. ಬೂದಿಗೈಯಲ್ಲೇ ಅವಳ ಬಾಯಿ ಒರೆಸಿ, "ನಿಂಗೆ ಅದೆಲ್ಲ ಎಂತಕೆ? ನಮ್ಮ ಬಾಯಿಗೆ ನಮ್ಮ ಮಾತು ಸಾಕು" ಎಂದಿದ್ದಳು ಲಕ್ಕಿ. ಆಮೇಲೆ ವಿನುತಾ ಆ ಮಾತನ್ನು ಆಡಲಿಲ್ಲ. ಶಾಲೆ, ಕಾಲೇಜು, ನೌಕರಿಯ ಪರೀಕ್ಷೆ ಎಲ್ಲ ಪುಸ್ತಕದ ಕನ್ನಡದಲ್ಲೇ ದಾಟಿದಳು. ಈಗ ಕತ್ತಲೆಯಲ್ಲಿ ಒಂದು ಕೈ ಮುಟ್ಟಿದ್ದಕ್ಕೆ ಅದು ನಾಲಗೆಯ ಮೇಲೆ ಬಂದು ಕೂತಿದೆ, ಸುಲಭವಾಗಿ, ನಾಚಿಕೆಯಿಲ್ಲದೆ.

ಮುದುಕಿಯ ಹೆಸರು ಮಾದೇವಕ್ಕ. ದುರ್ಬೀನಿನ ಒಡೆಯ ಗುರುದತ್ತ, ಬ್ಯಾಂಕಿನಿಂದ ನಿವೃತ್ತರಾದವರು, ಅವಳ ತಮ್ಮನ ಮಗ. ಅವರ ಕಾರಿನಲ್ಲಿ ಕೂತು ದಿನಾ ಬರುತ್ತಾಳೆ. ತೋಳು ಬಿಡದೆ ಅವಳು ತನ್ನ ಕಥೆ ಹೇಳಿದಳು. ಮೂಲಾ ನಕ್ಷತ್ರದಲ್ಲಿ ಹುಟ್ಟಿದವಳು ಎಂದು ಅವಳನ್ನು ನೋಡಲು ಬಂದ ಗಂಡುಗಳೆಲ್ಲ ಉಪ್ಪಿಟ್ಟು ತಿಂದು ಹೋದರಂತೆ, ಮಾವನಿಗೆ ಆಗಿಬರುವುದಿಲ್ಲ ಎಂದು. ಕಡೆಗೆ ತಂದೆಯಿಲ್ಲದ ಗಂಡು ಹುಡುಕಿ ಕೊಟ್ಟರು. ಆ ಗಂಡನೋ ಜನ್ಮವಿಡೀ ಪಂಚಾಂಗ ನೋಡಿ ಊರಿಗೆಲ್ಲ ಮುಹೂರ್ತ ಇಟ್ಟವನು. "ಒಂದು ದಿನ ಅಂಗಳಕ್ಕೆ ಬಂದು ಕತ್ತೆತ್ತಿ ಮೇಲೆ ನೋಡಿದವರಲ್ಲ ಅವ್ರು. ಆನು ಕೇಳಿದ್ರೆ, ಪುಸ್ತಕದಲ್ಲಿ ಇದ್ದಲೇ, ಎಂತಕ್ಕೆ ನೋಡವು ಹೇಳ್ತಿದ್ರು." ಕೊಂಡಿಯ ತುದಿಯ ಆ ಚುಕ್ಕಿಗಳನ್ನು ಕಡೆಗೂ ಕಂಡಾಗ ಮಾದೇವಕ್ಕ, "ಇಷ್ಟೇಯ? ಇಷ್ಟು ಸಣ್ಣದಕ್ಕೆ ಎನ್ನ ಅಪ್ಪ ಅಷ್ಟು ಹೆದ್ರಿದ್ದ ಮಾರಾಯ್ತಿ" ಎಂದು ಕಿಲಕಿಲ ನಕ್ಕಳು. ವಿನುತಾಳೂ ನಕ್ಕಳು. ತನ್ನ ನಗು ಅವಳಿಗೇ ಕೇಳಿ ಎಷ್ಟೋ ಕಾಲವಾಗಿತ್ತು. ಆಮೇಲೆ ಬರಬೇಕಾದದ್ದು ಬಂತು: ನಿನ್ನ ನಕ್ಷತ್ರ ಯಾವುದೇ? ಅವಳಿಗೆ ಜಾತಕವಿಲ್ಲ. ಬೂತಾಯಿ ಮೀನು ಬುಟ್ಟಿಗಟ್ಟಲೆ ಬಂದ ವರ್ಷ, ಜೋರು ಮಳೆಯಲ್ಲಿ ಹುಟ್ಟಿದ್ದು ಎಂದಷ್ಟೇ ಲಕ್ಕಿಗೆ ನೆನಪು. ನೆತ್ತಿಯ ಮೇಲೆ ಕಿರಣನ ಹಸಿರು ಕಡ್ಡಿ ಆಗಷ್ಟೇ ಮುಟ್ಟಿದ ಚುಕ್ಕಿಯನ್ನು ನೋಡಿ, "ಶ್ರವಣ" ಎಂದಳು. ಗೋತ್ರ? ಖಾನಾವಳಿಯಲ್ಲಿ ವರ್ಷಕ್ಕೊಮ್ಮೆ ಭಟ್ಟರು ಸಂಕಲ್ಪ ಹೇಳುವಾಗ ಹಿತ್ತಿಲಿಗೆ ಕೇಳುತ್ತಿದ್ದದ್ದು ಬಾಯಿಗೆ ಬಂತು. "ಕಾಶ್ಯಪ."

"ಅಯ್ಯೋ, ಎನ್ನ ಅಪ್ಪನ ಮನೆದೂ ಅದೇಯ! ಹಂಗಾರೆ ನೀನು ಎಂಗಳ ಮನೆ ಕೂಸೇ ಆತು" ಎಂದು ಮಾದೇವಕ್ಕ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. ಯಾರ ಮನೆ ಎಂದಾಗ ಕುಮಟೆಯಲ್ಲಿ ಖಾನಾವಳಿ ಎಂದಳು ವಿನುತಾ. ಅದು ಸುಳ್ಳಲ್ಲ. ಮಾದೇವಕ್ಕ "ಓಹೋ, ಹೆಗಡೇರ ಪೈಕಿ" ಎಂದುಕೊಂಡಳು. ಅಲ್ಲ ಎಂದು ವಿನುತಾ ಹೇಳಲಿಲ್ಲ. ದೀಪ ಹಾಕುವ ಮೊದಲೇ ಬಸ್ಸಿನ ನೆವ ಹೇಳಿ ಹೊಯಿಗೆಯಲ್ಲಿ ಕಾಲು ಹುಗಿಯುತ್ತ ರಸ್ತೆಗೆ ಓಡಿದಳು.

ಮರುದಿನ ಕೌಂಟರಿನಲ್ಲಿ ಕೂತು ಬಿಲ್ಲಿನ ತಕರಾರು ಕೇಳುತ್ತಿದ್ದಾಗ ಕೈ ತನ್ನಷ್ಟಕ್ಕೆ ಬೆಚ್ಚಗಿತ್ತು. ಬಸ್ಸಿನಲ್ಲಿ, ಸಂತೆಯಲ್ಲಿ, ಕಂಡ ಮುದುಕಿಯರನ್ನೆಲ್ಲ ನೋಡಿದಳು, ಇವಳೇ ಇರಬಹುದೇ ಎಂದು. ಮಾದೇವಕ್ಕನ ಮುಖ ಅವಳಿಗೂ ಗೊತ್ತಿರಲಿಲ್ಲ. ನೋಡಿದ ಪ್ರತಿ ಮುಖವೂ ತನ್ನನ್ನು ನೋಡಿ ಏನೂ ಅನ್ನಿಸದೆ ಆಚೆ ತಿರುಗಿತು. ಬಾಡದಲ್ಲಿ ಇನ್ನೊಂದು ಸಂಜೆ, ಮತ್ತೆರಡು ಸಂಜೆ ಹಿರೇಗುತ್ತಿಯ ಶಾಲೆಯ ಬಯಲಿನಲ್ಲಿ ಅವಳು ತಡವಾಗಿ ಹೋದಳು, ಬೇಗ ಬಂದಳು, ನಡುವಿನ ಕತ್ತಲೆಯಲ್ಲಿ ಯಾರದೋ ಮಗಳಾಗಿದ್ದಳು. ಹಿರೇಗುತ್ತಿಯಲ್ಲಿ ಶನಿಯನ್ನು ತೋರಿಸಿದರು. ಅರ್ಧ ಸಾಲು ಅಲ್ಲೇ ಕರಗಿತು. ಸಾಡೇಸಾತಿ ನಡೆಯುತ್ತಿದ್ದವರು ಅಂವ ನಮ್ಮನ್ನು ನೋಡುವುದೇ ಸಾಕು, ನಾವು ಬೇರೆ ಹೋಗಿ ನೋಡಬೇಕೇ ಎಂದು ಹಿಂದೆ ಸರಿದರು. ನೋಡಿದವರಿಗೂ ನಿರಾಸೆ. ಈ ವರ್ಷ ಶನಿಯ ಸುತ್ತಿನ ಬಳೆ ಅಂಚು ನಮ್ಮ ಕಡೆ ಮಾಡಿ ನಿಂತಿದೆ, ಗೆರೆಯಷ್ಟೇ ಕಾಣುತ್ತದೆ ಎಂದು ಕಿರಣ, ತಪ್ಪು ತನ್ನದೇ ಎಂಬಂತೆ, ಪ್ರತಿಯೊಬ್ಬರಿಗೂ ಸಮಜಾಯಿಷಿ ಕೊಡುತ್ತಿದ್ದ. ಮಾದೇವಕ್ಕ ಮಾತ್ರ ಕಣ್ಣು ಒತ್ತಿ ಬಹಳ ಹೊತ್ತು ನೋಡಿದಳು. "ಪಾಪ, ಒಂದೇ ಇದ್ದು. ಸುತ್ತ ಯಾರೂ ಇಲ್ಲೆ" ಎಂದಳು ಇಳಿದು ಬಂದು. ಮತ್ತೆ ಸಂಜೆಯಿಡೀ ಅದನ್ನೇ ಹೇಳಿದಳು.

ಹೊರಡುವ ಮೊದಲು ಅವಳು ಇನ್ನೊಂದು ಮಾತು ಹೇಳಿದಳು. ಅಪ್ಸರಕೊಂಡದ ಮರುದಿನ ಅವರ ಮನೆಯಲ್ಲಿ ಮಹಾಲಯ, ಸತ್ತ ಹಿರಿಯರಿಗೆ ಎಡೆ. "ಅಡಿಗೆಗೆ ಕೈ ಆಸರೆಗೆ ಒಬ್ರೂ ಇಲ್ಲೆ. ಗುರುದತ್ತನ ಹೆಂಡ್ತಿಗೆ ಸೊಂಟ ನೋವು. ಹೊರಗಿನವ್ರ ಕೈಲಿ ಮಾಡ್ಸುಲೆ ಬತ್ತಿಲ್ಲೆ ಅಲ್ದ? ನೀನು ಬಾ ತಂಗಿ. ಬೆಳಿಗ್ಗೆ ಮಿಂದು ಬಾ, ಮಡಿಗೆ ಸೀರೆ ಆನು ಕೊಡ್ತೆ. ಬತ್ಯ?" ವಿನುತಾ ಹೂಂ ಎಂದಳು. ಹೂಂ ಎನ್ನುವುದಕ್ಕೆ ಯಾವ ಜಾತಿಯೂ ಇಲ್ಲ. ಆದರೆ ಮನೆಗೆ ಬಂದು ಮಲಗಿದ ಮೇಲೆ ಎದೆಯ ಮೇಲೆ ರುಬ್ಬುಗುಂಡು ಇಟ್ಟ ಹಾಗಾಯಿತು. ಇಷ್ಟು ದಿನ ಅವಳು ಕದ್ದದ್ದು ಬರೀ ಮಾತು, ಸಂಜೆಯ ಒಂದಿಷ್ಟು ಹೊತ್ತು. ಅದರಿಂದ ಯಾರ ಗಂಟೂ ಹೋಗಿರಲಿಲ್ಲ. ಈಗ ಆ ಮುದುಕಿ ನಂಬಿದ ಒಲೆಯ ಮುಂದೆ ಹೋಗಿ ಕೂರಬೇಕು. ಅವರ ಮಡಿಯ ಬಗ್ಗೆ ವಿನುತಾಳಿಗೆ ಗೌರವವೇನೂ ಇರಲಿಲ್ಲ, ಅದರ ಹೊರಗೆ ನಿಂತು ಹೋಳಿಗೆ ಹಿಡಿದವಳು ಅವಳು. ಆ ಒಲೆಗೆ ಕೈ ಹಾಕಿ ಒಗ್ಗರಣೆ ಕೊಟ್ಟು ಬಂದರೆ ಲಕ್ಕಿಯ ಪರವಾಗಿ ಒಂದು ಲೆಕ್ಕ ಚುಕ್ತಾ ಆದಂತೆ ಎಂದೂ ಒಂದು ಕ್ಷಣ ಅನ್ನಿಸಿ, ಒಳಗೊಳಗೇ ಖುಷಿಯಾಯಿತು. ಮರುಕ್ಷಣ, ಸತ್ತ ಗಂಡನ ಎಡೆಯ ಮುಂದೆ ಕೈಮುಗಿದು ನಿಂತ ಮಾದೇವಕ್ಕ, ಕಾಣದ ಮುಖದ ಮಾದೇವಕ್ಕ, ಕಣ್ಣ ಮುಂದೆ ಬಂದು ಆ ಖುಷಿ ಹೇಸಿಗೆಯೆನ್ನಿಸಿತು. ಹೋದರೆ ಮೋಸ. ಹೋಗದಿದ್ದರೆ ಆ ಎರಡು ಕೈಗಳು ಇನ್ನಿಲ್ಲ. ಇವೆರಡರ ನಡುವೆ ಇನ್ನೊಂದು ದಾರಿಯಿತ್ತು, ಹೇಳಿಬಿಡುವುದು. ಹೇಳಿದ ಮೇಲೂ ಕೈ ಬಿಡದಿದ್ದರೆ? ಆ ಒಂದು "ಬಿಡದಿದ್ದರೆ"ಯನ್ನು ಹಿಡಿದುಕೊಂಡು ಅವಳು ಬೆಳಗು ಮಾಡಿದಳು.

ಕಡೆಯ ಸಂಜೆ ಅಪ್ಸರಕೊಂಡದಲ್ಲಿ, ಅವಳು ಮೊಹರು ಒತ್ತಿದ ಕತ್ತಲೆ ಹೇಳಿದ ಹೊತ್ತಿಗೆ ಸರಿಯಾಗಿ ಬಿತ್ತು. ದಾರಿದೀಪಗಳು ಒಂದೇ ಸಲ ಆರಿದಾಗ ಜನ "ಓ" ಎಂದರು. ಕೆಳಗೆ ಕಡಲು ಮೊರೆಯುತ್ತಿತ್ತು, ದೂರದಲ್ಲಿ ಬೋಟುಗಳ ದೀಪ. ಗುಡ್ಡದ ತುದಿಯ ಕಟ್ಟೆಯ ಮೇಲೆ ಮಾದೇವಕ್ಕ ಅವಳಿಗೆ ಜಾಗ ಹಿಡಿದಿಟ್ಟಿದ್ದಳು. ಬಂದವಳನ್ನು ಹೆಜ್ಜೆ ಸದ್ದಿನಲ್ಲೇ ಗುರುತಿಸಿ, "ಬಂದ್ಯಾ" ಎಂದಳು. ಈಗ ಹೇಳಬೇಕು. ಆದರೆ ಪಕ್ಕದಲ್ಲಿ ಯಾರೋ ಅತ್ತಿತ್ತ ಸರಿಯುತ್ತಿದ್ದರು. ಕಿರಣ ಆಕಾಶಗಂಗೆ ತೋರಿಸುತ್ತ ಎಲ್ಲರೂ ಕತ್ತೆತ್ತಿ ಎನ್ನುತ್ತಿದ್ದ. ಗುರುದತ್ತರು ಒಮ್ಮೆ ಬಂದು ಅತ್ತೆಯ ಭುಜಕ್ಕೆ ಶಾಲು ಹೊದಿಸಿ ಹೋದರು. ಯಾವ ಮಾತಿನಲ್ಲಿ ಹೇಳುವುದು? ಆ ಮನೆಯೊಳಗಿನ ಮಾತಿನಲ್ಲೇ ಹೇಳಿದರೆ, ಹೇಳುತ್ತಿರುವುದೂ ನಾಟಕವಾಗುತ್ತದೆ. ತನ್ನ ಅಮ್ಮನ ಮಾತಿನಲ್ಲಿ ಹೇಳಿದರೆ ಮೊದಲ ಶಬ್ದಕ್ಕೇ ಎಲ್ಲ ಮುಗಿದು, ಉಳಿದದ್ದನ್ನು ಹೇಳಲು ಕೇಳುವವರೇ ಇರುವುದಿಲ್ಲ. ಹೊತ್ತು ಹೋಗುತ್ತಿತ್ತು. ದೀಪ ಬರುವ ಹೊತ್ತು ಅವಳಷ್ಟು ಖಚಿತವಾಗಿ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ನಿಮಿಷ ಬಂದೆ ಎಂದು ಎದ್ದು, ಗೇರುಮರದ ಹಿಂದೆ ಹೋಗಿ, ಸೆರಗಿನೊಳಗೆ ಫೋನು ಮುಚ್ಚಿಕೊಂಡು ಈರನಿಗೆ ಹಚ್ಚಿದಳು.

"ಈರ, ದೀಪ ಈಗ್ಲೇ ಹಾಕೂದು ಬೇಡ. ಇನ್ನೊಂದು ಸ್ವಲ್ಪ ಹೊತ್ತು."

"ಅರ್ಜಿಲಿ ಎಂಟೂವರೆ ಅದೆಯಲ್ರಾ ಮೇಡಂ. ಸಾಹೇಬ್ರು ಕೇಳಿದ್ರೆ ನಾ ಎಂತ ಹೇಳೂದು?"

"ನಾನು ಹೇಳಿದೆ ಅಂತ ಹೇಳು."

"ಮೆಟ್ಲಲ್ಲಿ ಜನ ಇಳಿತಾ ಇರ್ತ್ರು. ಯಾರಾರೂ ಬಿದ್ರೆ?"

"ಸ್ವಲ್ಪ ಹೊತ್ತೇ ಮಾರಾಯ" ಎಂದಳು. ದನಿ ಬೇಡುವವಳದಾಗಿತ್ತು. ಇಷ್ಟು ವರ್ಷ ಈರನ ಮುಂದೆ ಅವಳು ಹಾಗೆ ಮಾತಾಡಿದ್ದಿಲ್ಲ. "ಆತು" ಎಂದ ಈರ.

ಮರಳಿ ಬಂದು ಕೂತಳು. ಕಿರಣನ ಮಾತು ಮುಗಿದು, ಜನ ಗುಂಪುಗುಂಪಾಗಿ ತಮ್ಮ ಪಾಡಿಗೆ ಆಕಾಶ ನೋಡುತ್ತಿದ್ದರು. ಇದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕುವುದಿಲ್ಲ. "ಮಾದೇವಕ್ಕ, ಒಂದು ಮಾತು ಹೇಳವು" ಎಂದಳು. ಮಾದೇವಕ್ಕ ಕೈ ಹುಡುಕಿ ಹಿಡಿದುಕೊಂಡು, "ಆನೂ ಹೇಳವು ಹೇಳಿ ಮಾಡಿದ್ದೆ" ಎಂದು ತಾನೇ ಶುರು ಮಾಡಿದಳು. ತಮ್ಮನ ಮಗನ ಮನೆ. ಅನ್ನ, ಔಷಧಿ ಯಾವುದಕ್ಕೂ ಕೊರತೆಯಿಲ್ಲ. ಆದರೆ ಮಾತಿಲ್ಲ. ಊಟಕ್ಕೆ ಬನ್ನಿ, ಮಾತ್ರೆ ತಗೊಂಡ್ರಾ, ಅಷ್ಟೇ. "ಬಾಯಿ ಇದ್ದು ಹೇಳೂದೇ ಮರ್ತುಹೋಗಿತ್ತು ತಂಗಿ. ಈ ವಾರ ಆನು ನಿದ್ದೆ ಮಾಡಿದ್ದೆ. ಎಲ್ಲ ಈ ನಕ್ಷತ್ರ ನೋಡಿ ಹೇಳಿ ಗುರುದತ್ತ ಹೇಳ್ತ. ನಕ್ಷತ್ರ ಅಲ್ಲ, ಎಂಗಳವ್ರು ಹೇಳಿ ಒಬ್ಳು ಪಕ್ಕಕ್ಕೆ ಇದ್ದಲೇ, ಅದಕ್ಕೆ." ವಿನುತಾಳ ಬಾಯಿಯವರೆಗೆ ಬಂದದ್ದು ಅಲ್ಲೇ ನಿಂತಿತು. ಇಷ್ಟು ಹೊತ್ತು ಅವಳು ತಾನು ಕಳೆದುಕೊಳ್ಳುವುದನ್ನಷ್ಟೇ ಯೋಚಿಸಿದ್ದಳು. ಎಂಗಳವ್ರು, ನಮ್ಮವರು. ಹೇಳಿದರೆ ಮುದುಕಿಗೆ ಉಳಿಯುವುದು ಒಬ್ಬ ಮೋಸಗಾತಿ. ಹೇಳದೆ ಹೋದರೆ, ಬಾರದೆ ಹೋದ ಒಬ್ಬ ನೆಂಟಳು. ಎರಡರಲ್ಲಿ ಯಾವುದು ಕಡಿಮೆ ನೋವು ಎಂದು ತೂಗುತ್ತಿದ್ದೇನೆ ಅಂದುಕೊಂಡಳು, ಆದರೆ ಅವಳಿಗೆ ನಿಜವಾಗಿ ಆದದ್ದು ಹೆದರಿಕೆ. ಆ ಎರಡು ಕೈಗಳು ಬೆಚ್ಚಿ ಹಿಂದೆ ಸರಿಯುವುದನ್ನು ತನ್ನ ಚರ್ಮದ ಮೇಲೆ ಅನುಭವಿಸುವುದಕ್ಕೆ ಅವಳಿಂದ ಸಾಧ್ಯವಿರಲಿಲ್ಲ. "ನೀ ಎಂತ ಹೇಳವು ಹೇಳಿದ್ದೆ?" ಎಂದು ಮಾದೇವಕ್ಕ ಕೇಳಿದಳು. "ಎಂತ ಇಲ್ಲೆ" ಎಂದಳು ವಿನುತಾ.

ಆಗ ದೀಪ ಬಂತು. ಈರನಿಗೆ ತಡೆದುಕೊಳ್ಳಲಾಗಲಿಲ್ಲವೋ, ಸ್ವಲ್ಪ ಹೊತ್ತು ಎಂದರೆ ಇಷ್ಟೇ ಎಂದುಕೊಂಡನೋ. ಕತ್ತಲೆಗೆ ಒಗ್ಗಿದ ಕಣ್ಣುಗಳಿಗೆ ಬೆಳಕು ಮೆಣಸಿನ ಪುಡಿ ಎರಚಿದಂತಾಗಿ, ಗುಡ್ಡದ ಮೇಲಿದ್ದವರೆಲ್ಲ ಒಟ್ಟಿಗೆ ಮುಖ ಮುಚ್ಚಿಕೊಂಡರು. ಮಾದೇವಕ್ಕನೂ ಕೈ ಬಿಟ್ಟು ಕಣ್ಣುಜ್ಜಿಕೊಂಡಳು. ಅಷ್ಟರಲ್ಲಿ ವಿನುತಾ ಎದ್ದು, ಜನರ ಬೆನ್ನುಗಳ ಆಚೆ ಹೋಗಿ ನಿಂತಾಗಿತ್ತು. ಮೆಟ್ಟಿಲಿನ ಕಡೆ ನಡೆದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಒಮ್ಮೆ ಮುಖ ನೋಡಬೇಕು ಅನ್ನಿಸಿತು, ಇಷ್ಟು ದಿನ ತನ್ನ ಕೈ ಹಿಡಿದವಳ ಮುಖ. ತಿರುಗಿ ಬಂದು ನೋಡಿದಳು. ಸಣ್ಣ ಆಳು, ಕೆಂಪು ಶಾಲು, ದಪ್ಪ ಕನ್ನಡಕ. ಕಲ್ಪಿಸಿಕೊಂಡದ್ದಕ್ಕಿಂತ ಎಷ್ಟೋ ಮುಪ್ಪಾದ ಮುಖ. ಅದು ಅತ್ತ ಇತ್ತ ತಿರುಗುತ್ತ, ಒಬ್ಬೊಬ್ಬರನ್ನೇ ನೋಡುತ್ತ, ಹುಡುಕುತ್ತಿತ್ತು. ಕಣ್ಣು ವಿನುತಾಳ ಮೇಲೆ ಬಿತ್ತು, ದಾಟಿತು, ಮರಳಿ ಬಂತು.

"ಇಲ್ಲಿ ನಮ್ಮವಳೊಬ್ಬಳು ಕೂತಿದ್ದಳಲ್ಲ, ನೀವು ನೋಡಿದ್ರಾ?" ಎಂದಳು ಮಾದೇವಕ್ಕ, ಹೊರಗಿನವರೊಡನೆ ಆಡುವ ಕನ್ನಡದಲ್ಲಿ. "ಈಗ ಇದ್ದಳು. ನನ್ನ ಕೈ ಹಿಡಿದುಕೊಂಡೇ ಇದ್ದಳು."

ವಿನುತಾ ಪಿಸುಗುಡಲಿಲ್ಲ. ಕೌಂಟರಿನ ಗಾಜಿನ ಹಿಂದಿನಿಂದ ದಿನವಿಡೀ ಮಾತಾಡುವ ಆ ಗಟ್ಟಿ ದನಿಯಲ್ಲಿ ಹೇಳಿದಳು. "ಅವರು ಹೋದರು."

ಮಾದೇವಕ್ಕನ ತಲೆ ತುಸು ಓರೆಯಾಯಿತು, ಏನೋ ಕೇಳಿದ ಹಾಗೆ. ಗುರುತು ಹಿಡಿಯಲಿ, ಹಿಡಿಯದಿರಲಿ, ಎರಡನ್ನೂ ವಿನುತಾ ಒಟ್ಟಿಗೆ ಬೇಡಿಕೊಂಡಳು. ಆದರೆ ಮುದುಕಿಯ ಮುಖದಲ್ಲಿ ಬಂದದ್ದು ಬೇರೆ ಕಳವಳ. "ಹೋದಳಾ? ನಾಳೆ ಬರೂದು ಎಷ್ಟೊತ್ತಿಗೆ ಅಂತ ಹೇಳಲೇ ಇಲ್ಲ. ಅಯ್ಯೋ, ನಾನೆಂತ ಹೆಂಗಸು... ಗೋತ್ರ ಕೇಳಿದೆ, ನಕ್ಷತ್ರ ಕೇಳಿದೆ. ಹೆಸರು ಕೇಳಲಿಲ್ಲ ನೋಡಿ." ದಪ್ಪ ಗಾಜಿನ ಹಿಂದೆ ಕಣ್ಣು ತುಂಬಿಕೊಂಡಿತು. ಎದುರು ನಿಂತವಳನ್ನು ಅಳುವಿನಲ್ಲೂ ಮರ್ಯಾದೆ ಬಿಡದೆ ನೋಡಿ, ಆ ತಪ್ಪನ್ನು ಈಗಲಾದರೂ ಸರಿ ಮಾಡಿಕೊಳ್ಳುವವಳ ಹಾಗೆ ಕೇಳಿದಳು. "ನಿಮ್ಮ ಹೆಸರು ಎಂತ?"

"ವಿನುತಾ" ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಲಕ್ಕಿ ಮಗಳು."

"ಹೌದಾ" ಎಂದಳು ಮಾದೇವಕ್ಕ, ಗೊತ್ತಿಲ್ಲದವರ ಹೆಸರಿಗೆ ತಲೆಯಾಡಿಸುವಂತೆ ತಲೆಯಾಡಿಸಿ, ಅವಳ ಭುಜದ ಆಚೆ, ಮೆಟ್ಟಿಲಿಳಿಯುತ್ತಿದ್ದ ಜನರ ನಡುವೆ ಹುಡುಕುತ್ತಲೇ ಇದ್ದಳು.